ಮೀನಿನ ತೊಟ್ಟಿಗೆ ವಾಸ್ತು ಬೇಡ, ಗಟ್ಟಿ ಕಾಲು ಬೇಕು

ಮನೆಯಲ್ಲಿ ಅಕ್ವೇರಿಯಂ ಎಲ್ಲಿಡಬೇಕು ಎಂದು ಕೇಳಿ ನೋಡಿ, ಹತ್ತು ಜನ ಹತ್ತು ದಿಕ್ಕು ತೋರಿಸುತ್ತಾರೆ. ಈಶಾನ್ಯಕ್ಕಿಡಿ, ಉತ್ತರಕ್ಕಿಡಿ, ಮಲಗುವ ಕೋಣೆಯಲ್ಲಿ ಬೇಡ, ಒಂಬತ್ತು ಮೀನಿರಲಿ, ಅದರಲ್ಲೊಂದು ಕಪ್ಪಗಿರಲಿ. ವಾರದ ಪುರವಣಿಗಳಲ್ಲೂ ಇದೇ, ಯೂಟ್ಯೂಬಿನಲ್ಲೂ ಇದೇ. ಆದರೆ ಯಾವುದರ ಮೇಲೆ ಇಡಬೇಕು ಎಂದು ಕೇಳಿ. ಹತ್ತೂ ಜನ ಸುಮ್ಮನಾಗುತ್ತಾರೆ. ಹನ್ನೊಂದನೆಯವನು ಯಾರಾದರೂ ಇದ್ದರೆ, "ಅಂಗಡಿಯವ್ರೇ ಸ್ಟ್ಯಾಂಡ್ ಕೊಡ್ತಾರಲ್ಲ, ಅದ್ರಲ್ಲಿ ಕೇಳೋದೇನಿದೆ?" ಅನ್ನುತ್ತಾನೆ.

ಕೇಳುವುದು ಬಹಳ ಇದೆ. ಮನೆಯ ಹಾಲಿನಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ, ಕರೆಂಟಿನ ಪ್ಲಗ್ಗಿನ ಪಕ್ಕದಲ್ಲಿ ನಾವು ತಂದಿಡುವ ಅತ್ಯಂತ ಭಾರದ ವಸ್ತು ಇದು. ಬೀರು ಭಾರವಿರುತ್ತದೆ, ಆದರೆ ಗಾಜಿನದ್ದಲ್ಲ. ಫ್ರಿಜ್ ಭಾರವಿರುತ್ತದೆ, ಆದರೆ ಅದರೊಳಗೆ ನೀರು ಅಲುಗಾಡುವುದಿಲ್ಲ. ಗಾಜು, ನೀರು, ಕರೆಂಟು ಮೂರೂ ಒಂದೇ ಕಡೆ ಸೇರುವುದು ಅಕ್ವೇರಿಯಂನಲ್ಲಿ ಮಾತ್ರ. ಆ ಮೂರನ್ನೂ ಹೊತ್ತು ನಿಲ್ಲುವ ವಸ್ತುವನ್ನು ನಾವು "ಫ್ರೀ" ಎಂದು ಮನೆಗೆ ತರುತ್ತೇವೆ.

ನಾನು ಹೇಳಬೇಕೆಂದಿರುವುದು ಇಷ್ಟೆ. ಅಕ್ವೇರಿಯಂ ಸ್ಟ್ಯಾಂಡ್ ಅಲಂಕಾರದ ಪೀಠೋಪಕರಣವಲ್ಲ, ಭಾರ ಹೊರುವ ಕಟ್ಟಡ. ಅದನ್ನು ಬಡಗಿಯಿಂದ, ಮರದಲ್ಲಿ, ಲೆಕ್ಕ ಹಾಕಿ ಮಾಡಿಸಬೇಕು. ಪುಡಿ ಒತ್ತಿ ಮಾಡಿದ ಹಲಗೆಯ ಪೆಟ್ಟಿಗೆಯನ್ನು ತೊಟ್ಟಿಯ ಜೊತೆ ತಳ್ಳಿ ಕಳಿಸುವ ವ್ಯಾಪಾರವನ್ನು ನಾವು ಪ್ರಶ್ನೆ ಮಾಡಬೇಕು.

ಆರು ಮೂಟೆ ಸಿಮೆಂಟಿನ ಲೆಕ್ಕ

ಮೊದಲು ತೂಕ ನೋಡೋಣ. ಈಗ ತಾಲ್ಲೂಕು ಪಟ್ಟಣಗಳಲ್ಲೂ ಕಾಣಸಿಗುವ ಒಂದು ಅಳತೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ. ಮೂರನ್ನೂ ಗುಣಿಸಿದರೆ ಒಂಬತ್ತು ಘನ ಅಡಿ. ಒಂದು ಘನ ಅಡಿಗೆ 28 ಲೀಟರ್‌ಗೆ ಸ್ವಲ್ಪ ಹೆಚ್ಚು ನೀರು. ಅಂಚಿನವರೆಗೆ ತುಂಬಿದರೆ ಸುಮಾರು 255 ಲೀಟರ್. ಮೇಲೆ ಎರಡು ಇಂಚು ಬಿಟ್ಟು ತುಂಬಿದರೂ 225 ಲೀಟರ್ ದಾಟುತ್ತದೆ. ಒಂದು ಲೀಟರ್ ನೀರು ಒಂದು ಕೆಜಿ. ಇದನ್ನು ನಾವೆಲ್ಲ ಪ್ರೈಮರಿ ಸ್ಕೂಲಿನಲ್ಲೇ ಓದಿದ್ದೇವೆ, ಅಂಗಡಿಗೆ ಹೋದಾಗ ಮರೆಯುತ್ತೇವೆ.

ಇನ್ನು ಗಾಜು. ಒಂದು ಚದರ ಮೀಟರ್ ಗಾಜು, ದಪ್ಪ ಒಂದು ಮಿಲಿಮೀಟರ್ ಇದ್ದರೆ ಎರಡೂವರೆ ಕೆಜಿ ತೂಗುತ್ತದೆ. ಈ ತೊಟ್ಟಿಯ ಐದು ಗಾಜುಗಳ ವಿಸ್ತೀರ್ಣ ಎರಡು ಚದರ ಮೀಟರ್‌ಗೆ ಸ್ವಲ್ಪ ಮೇಲೆ. 8 ಮಿಲಿಮೀಟರ್ ಗಾಜಾದರೆ 40 ಕೆಜಿ ದಾಟಿತು. ತಳದಲ್ಲಿ ಎರಡು ಇಂಚು ಜಲ್ಲಿ ಹಾಕಿದರೆ ಅದೇ ಒಂದು ಘನ ಅಡಿ, ಹತ್ತಿರಹತ್ತಿರ 45 ಕೆಜಿ. ಜಲ್ಲಿ ಆಕ್ರಮಿಸಿದ ಜಾಗದ ನೀರು ಕಳೆಯಿರಿ. ಕಲ್ಲು, ಫಿಲ್ಟರು, ಮುಚ್ಚಳ, ಲೈಟು ಸೇರಿಸಿ. ಮೊತ್ತ 300 ಕೆಜಿ.

ಅಂದರೆ ಆರು ಮೂಟೆ ಸಿಮೆಂಟು. ನಿಮ್ಮ ಹಾಲಿನಲ್ಲಿರುವ ಟಿವಿ ಸ್ಟ್ಯಾಂಡಿನ ಮೇಲೆ ಆರು ಮೂಟೆ ಸಿಮೆಂಟು ಪೇರಿಸುತ್ತೀರಾ? ಪೇರಿಸಿ ಐದು ವರ್ಷ ಹಾಗೇ ಬಿಡುತ್ತೀರಾ? ಅದರ ಕೆಳಗೆ ಕೂತು ಮಗು ಆಟವಾಡಲು ಬಿಡುತ್ತೀರಾ? ಇಲ್ಲ ಅನ್ನುವುದಾದರೆ ಅದೇ ತೂಕವನ್ನು ನೀರಿನ ರೂಪದಲ್ಲಿ ಇಡುವಾಗ ಧೈರ್ಯ ಎಲ್ಲಿಂದ ಬರುತ್ತದೆ? ನೀರು ಪಾರದರ್ಶಕ, ಅದಕ್ಕೆ ಅದರ ಭಾರ ಕಣ್ಣಿಗೆ ಕಾಣುವುದಿಲ್ಲ. ವ್ಯಾಪಾರ ನಡೆಯುವುದು ಈ ಕಾಣದಿರುವಿಕೆಯ ಮೇಲೆಯೇ.

ಕಾಂಬೋ ಆಫರಿನ ಒಳಗೇನಿದೆ

ನಮ್ಮ ಜಿಲ್ಲಾ ಕೇಂದ್ರದ ಒಂದು ಅಂಗಡಿಯಲ್ಲಿ ನಾನು ಕೇಳಿದ್ದೆ, "ಈ ಸ್ಟ್ಯಾಂಡ್ ಎಷ್ಟು ಕೆಜಿ ತಡೆಯುತ್ತೆ ಸಾರ್?" ಎಂದು. ಮಾಲೀಕರು ಸ್ಟ್ಯಾಂಡಿನ ಮೇಲೆ ಕೈಯಿಂದ ಎರಡು ಸಲ ಬಡಿದರು. "ನೋಡಿ ಸಾರ್, ಎಷ್ಟು ಗಟ್ಟಿಯಿದೆ" ಅಂದರು. ಕೆಜಿ ಹೇಳಲಿಲ್ಲ. ಹಿಂದಿನ ಹಲಗೆ ಎಲ್ಲಿ ಎಂದು ಕೇಳಿದೆ. "ಗೋಡೆ ಕಡೆ ಬರೋದಲ್ವ, ಯಾರಿಗೆ ಕಾಣುತ್ತೆ?" ಅಂದರು.

ಆ ಉತ್ತರದಲ್ಲಿಯೇ ಎಲ್ಲ ಇದೆ. ಕಾಣುವುದಕ್ಕೆ ಮಾಡಿದ್ದು, ಹೊರುವುದಕ್ಕೆ ಮಾಡಿದ್ದಲ್ಲ.

ಇಂಥ ಪೆಟ್ಟಿಗೆಗಳಲ್ಲಿ ಬಹಳಷ್ಟು ಪಾರ್ಟಿಕಲ್ ಬೋರ್ಡಿನವು. ಮರದ ಚೂರು, ಹೊಟ್ಟನ್ನು ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಮಾಡುವ ಹಲಗೆ ಅದು. ಒಣ ಕೋಣೆಯ ಪುಸ್ತಕದ ಕಪಾಟಿಗೆ ಅದು ಸರಿಯೇ, ನನ್ನ ತಕರಾರಿಲ್ಲ. ಆದರೆ ಅದರ ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ. ಉಬ್ಬಿದ್ದು ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಉಬ್ಬಿದ ಕಡೆ ಸ್ಕ್ರೂ ಹಿಡಿತ ಬಿಡುತ್ತದೆ. ಮೀನು ಸಾಕುವವರು ವಾರಕ್ಕೊಮ್ಮೆಯಾದರೂ ನೀರು ಬದಲಿಸಬೇಕು, ಪೈಪು ಹಾಕಿ ಎಳೆಯಬೇಕು, ಬಕೆಟ್ಟು ಎತ್ತಬೇಕು. ಹನಿ ಬೀಳದಂತೆ ಈ ಕೆಲಸ ಮಾಡಿದವರನ್ನು ನಾನು ನೋಡಿಲ್ಲ. ನೀರು ತಾಗಬಾರದ ಹಲಗೆಯನ್ನು ನೀರಿನ ತೊಟ್ಟಿಯ ಕೆಳಗೇ ಇಡುವ ಬುದ್ಧಿವಂತಿಕೆಗೆ ಏನನ್ನೋಣ?

ಎಂಡಿಎಫ್ ನುಣುಪು, ಅಂಚು ಚೆನ್ನಾಗಿ ಕಾಣುತ್ತದೆ, ಪೇಂಟು ಚೆನ್ನಾಗಿ ಕೂರುತ್ತದೆ. ಆದರೆ ಸಾಮಾನ್ಯ ಎಂಡಿಎಫ್ ಕೂಡ ನೀರು ಕುಡಿದರೆ ಉಬ್ಬುವಂಥದ್ದೇ. ಮೇಲೆ ಮೈಕಾ ಅಂಟಿಸಿದರೆ ಮುಖ ಉಳಿಯುತ್ತದೆ. ನೀರು ಒಳಗೆ ಹೋಗುವುದು ಮುಖದಿಂದಲ್ಲ, ಕೆಳಗಿನ ಅಂಚಿನಿಂದ, ಸ್ಕ್ರೂ ತೂತಿನಿಂದ. ಅಲ್ಲಿ ಮೈಕಾ ಇರುವುದಿಲ್ಲ.

ಎರಡನೆಯ ದೋಷ ಹಿಂಬದಿಯದು. ಬೆಂಕಿಪೊಟ್ಟಣದ ಒಳಗಿನ ಡಬ್ಬಿಯನ್ನು ತೆಗೆದುಬಿಡಿ. ಹೊರಗಿನ ಖಾಲಿ ಕವಚವನ್ನು ಮೇಜಿನ ಮೇಲೆ ನಿಲ್ಲಿಸಿ ಪಕ್ಕದಿಂದ ಬೆರಳಲ್ಲಿ ತಳ್ಳಿ. ಮೇಲಿನಿಂದ ಒತ್ತಿದಾಗ ತಡೆದುಕೊಂಡದ್ದು ಪಕ್ಕಕ್ಕೆ ತಳ್ಳಿದಾಗ ಮಡಚಿ ಮಲಗುತ್ತದೆ. ಹಿಂದಿನ ಹಲಗೆಯಿಲ್ಲದ, ಓರೆ ಆಸರೆಯಿಲ್ಲದ ಸ್ಟ್ಯಾಂಡಿನ ಕಥೆಯೂ ಇದೇ. ಅದರ ಮೇಲೆ ಮಗು ಜೋತುಬಿದ್ದರೆ, ಯಾರೋ ಸೋಫಾ ಎಳೆಯುವಾಗ ತಾಗಿದರೆ, ಮುನ್ನೂರು ಕೆಜಿ ಪಕ್ಕಕ್ಕೆ ವಾಲುತ್ತದೆ. ಗೋಡೆಯ ಕಡೆ ಬರುವ, ಯಾರಿಗೂ ಕಾಣದ ಆ ಹಲಗೆಯೇ ಸ್ಟ್ಯಾಂಡನ್ನು ನೆಟ್ಟಗೆ ನಿಲ್ಲಿಸುವುದು.

ಮೂರನೆಯದು ತಿರುಚು. ಗಾಜು ಬಾಗುವ ವಸ್ತುವಲ್ಲ. ಸ್ಟ್ಯಾಂಡಿನ ಒಂದು ಮೂಲೆ ಎರಡು ಮಿಲಿಮೀಟರ್ ಕುಸಿದರೆ ಮರ ಸಹಿಸುತ್ತದೆ, ಗಾಜು ಸಹಿಸುವುದಿಲ್ಲ. ಸಿಲಿಕಾನ್ ಅಂಟಿನ ಮೇಲೆ ಎಳೆತ ಬೀಳುತ್ತದೆ, ಇಲ್ಲವೇ ತಳದ ಗಾಜು ಬಿರಿಯುತ್ತದೆ. ಆಗ ಜನ "ಗಾಜು ಸರಿಯಿರ್ಲಿಲ್ಲ" ಅನ್ನುತ್ತಾರೆ. ಬಹಳ ಸಲ ಸರಿಯಿರದಿದ್ದದ್ದು ಗಾಜಿನ ಕೆಳಗಿನದು.

ಭಾರ ಮರದಿಂದ ಮರಕ್ಕೆ ಇಳಿಯಬೇಕು

ಹಾಗಾದರೆ ಹೇಗಿರಬೇಕು? ಒಳ್ಳೆಯ ಸ್ಟ್ಯಾಂಡಿನ ಸೂತ್ರ ಒಂದೇ. ತೊಟ್ಟಿಯ ಭಾರ ಮೇಲಿನ ಚೌಕಟ್ಟಿಗೆ, ಚೌಕಟ್ಟಿನಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ, ಎಲ್ಲೂ ಸ್ಕ್ರೂವಿನ ಮೇಲೆ ನಿಲ್ಲದೆ ಇಳಿಯಬೇಕು. ಸ್ಕ್ರೂ ಇರುವುದು ಹಿಡಿದುಕೊಳ್ಳುವುದಕ್ಕೆ, ಹೊರುವುದಕ್ಕಲ್ಲ. ಕಾಲಿನ ಪಕ್ಕಕ್ಕೆ ಪಟ್ಟಿಯನ್ನಿಟ್ಟು ನಾಲ್ಕು ಸ್ಕ್ರೂ ಹೊಡೆದರೆ ಮುನ್ನೂರು ಕೆಜಿಯೂ ಆ ಸ್ಕ್ರೂಗಳ ಮೇಲೆ. ಅದೇ ಪಟ್ಟಿಯನ್ನು ಕಾಲಿನ ತಲೆಯ ಮೇಲೆ ಕೂರಿಸಿದರೆ ಸ್ಕ್ರೂ ಬಿಚ್ಚಿ ತೆಗೆದರೂ ಸ್ಟ್ಯಾಂಡು ನಿಂತಿರುತ್ತದೆ. ಹಳೆಯ ಮನೆಯ ಕಂಬ, ಬೋದಿಗೆ, ತೊಲೆ ನೆನಪಿಸಿಕೊಳ್ಳಿ. ತೊಲೆಯನ್ನು ಕಂಬದ ಪಕ್ಕಕ್ಕೆ ಮೊಳೆ ಹೊಡೆದು ನೇತುಹಾಕಿದ ಮನೆ ಎಲ್ಲಾದರೂ ಇದೆಯೇ?

ನಾನು ಹೇಳಿದ ನಾಲ್ಕು ಅಡಿ ತೊಟ್ಟಿಗೆ ಲೆಕ್ಕ ಹೀಗೆ. ಮೇಲಿನ ಚೌಕಟ್ಟಿಗೆ ನಾಲ್ಕು ಇಂಚು ಬೈ ಎರಡು ಇಂಚಿನ ಪಟ್ಟಿ. ಅದನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಸ್ಕೂಲಿನ ಸ್ಕೇಲನ್ನು ಮಲಗಿಸಿ ಬಗ್ಗಿಸಿದರೆ ಬಗ್ಗುತ್ತದೆ, ನಿಲ್ಲಿಸಿ ಬಗ್ಗಿಸಿದರೆ ಬಗ್ಗುವುದಿಲ್ಲ, ಅದೇ ತತ್ವ. ಇದೇ ಪಟ್ಟಿಯನ್ನು ನಿಲ್ಲಿಸಿದಾಗ ಮಲಗಿಸಿದ್ದಕ್ಕಿಂತ ನಾಲ್ಕು ಪಟ್ಟು ಬಿಗುವು. ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ, ಇಡುವ ರೀತಿ ಮಾತ್ರ ಬೇರೆ.

ಕಾಲುಗಳು ಮೂರು ಇಂಚು ಚೌಕ, ಆರು. ನಾಲ್ಕು ಮೂಲೆಗೆ ನಾಲ್ಕು, ಉದ್ದದ ಎರಡು ಬದಿಗಳ ನಡುವೆ ಒಂದೊಂದು. ನಡುವಿನ ಕಾಲಿಲ್ಲದಿದ್ದರೂ ನಾಲ್ಕಿಂಚಿನ ಪಟ್ಟಿ ಮುರಿಯುವುದಿಲ್ಲ, ಆದರೆ ಸ್ವಲ್ಪ ಜೋಲುತ್ತದೆ. ಗಾಜಿಗೆ ಆ ಸ್ವಲ್ಪವೂ ಬೇಡ. ಮೂಲೆಯ ಕಾಲಿನ ತಲೆಯಲ್ಲಿ ಹೊರಗಿನ ಎರಡು ಮುಖಗಳಿಂದ ಎರಡೆರಡು ಇಂಚು ಒಳಕ್ಕೆ, ನಾಲ್ಕು ಇಂಚು ಕೆಳಕ್ಕೆ ಕಚ್ಚು ತೆಗೆಯಬೇಕು. ಒಳಮೂಲೆಯಲ್ಲಿ ಒಂದಿಂಚು ಚೌಕದ ನಾಲಿಗೆ ಮಾತ್ರ ಉಳಿಯುತ್ತದೆ. ಉದ್ದದ ಪಟ್ಟಿ, ಅಡ್ಡ ಪಟ್ಟಿ ಎರಡೂ ಆ ಕಚ್ಚಿನೊಳಗೆ ಕಾಲಿನ ಭುಜದ ಮೇಲೆ ಕೂರುತ್ತವೆ. ಮರದಂಟು ಹಚ್ಚಿ, ಮೊದಲು ಸಣ್ಣ ಬಿಟ್ಟಿನಲ್ಲಿ ತೂತು ಹೊಡೆದು, ಆಮೇಲೆ ಸ್ಕ್ರೂ ಬಿಗಿಯಬೇಕು. ತೂತು ಹೊಡೆಯದೆ ನೇರವಾಗಿ ಬಿಗಿದರೆ ಗಟ್ಟಿ ಮರ ಸೀಳುತ್ತದೆ.

ಮೇಲಿನ ಚೌಕಟ್ಟಿನ ನಡುವೆ ಒಂದು ಅಡ್ಡ ಪಟ್ಟಿ. ಕೆಳಗೆ, ನೆಲದಿಂದ ಸ್ವಲ್ಪ ಮೇಲೆ, ಕಾಲುಗಳನ್ನು ಕಟ್ಟಿಹಾಕುವ ಮೂರು ಬೈ ಎರಡರ ಪಟ್ಟಿಗಳು. ಹಿಂದೆ ಪೂರ್ತಿ ಪ್ಲೈವುಡ್ ಹಲಗೆ, ಪೈಪು ವೈರಿಗೆ ಬೇಕಾದಷ್ಟೇ ತೂತು. ಪಕ್ಕಗಳಿಗೂ ಹಾಕಿಸಿದರೆ ಇನ್ನೂ ಒಳ್ಳೆಯದು. ಮೇಲೆ ತೊಟ್ಟಿ ಕೂರಲು 18 ಮಿಲಿಮೀಟರ್ ಪ್ಲೈವುಡ್. ಪ್ಲೈವುಡ್ ಕೊಳ್ಳುವಾಗ ಹಲಗೆಯ ಮೇಲಿನ ಮುದ್ರೆ ಓದಿ. ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯದು, ಐಎಸ್ 710 ಎಂದಿದ್ದರೆ ಮರೀನ್, ಅಂದರೆ ನೀರಿನ ಜೊತೆ ಬಾಳುವಂಥದ್ದು. ಇಡೀ ಸ್ಟ್ಯಾಂಡಿಗೆ ಬೇಡ, ಮೇಲಿನ ಆ ಒಂದು ತುಂಡಿಗಾದರೂ 710 ಹಾಕಿಸಿ.

ಎತ್ತರ ಎರಡೂವರೆ ಅಡಿ ಸಾಕು. ಕೂತು ನೋಡುವವರ ಕಣ್ಣಿಗೆ ಮೀನು ಸಿಗುತ್ತದೆ, ತೊಟ್ಟಿಯೊಳಗೆ ಕೈ ಹಾಕಲು ಸ್ಟೂಲು ಬೇಕಾಗುವುದಿಲ್ಲ. ಇನ್ನೂ ಎತ್ತರಿಸಿದಷ್ಟೂ ವಾಲುವ ಅಪಾಯ ಜಾಸ್ತಿ. ಚೌಕಟ್ಟು ತೊಟ್ಟಿಗಿಂತ ಅರ್ಧ ಇಂಚು ದೊಡ್ಡದಿರಲಿ, ಯಾವ ಕಾರಣಕ್ಕೂ ಚಿಕ್ಕದಿರಬಾರದು.

ಇಷ್ಟಕ್ಕೆಲ್ಲ ಬೇಕಾಗುವ ಮರ ಎರಡು ಸಿಎಫ್‌ಟಿ, ಹಾಳುಮೂಳು ಸೇರಿ ಎರಡೂವರೆ. ಮರದ ರೇಟು ಊರಿಂದೂರಿಗೆ ಬೇರೆ, ಜಾತಿಯಿಂದ ಜಾತಿಗೆ ಬೇರೆ. ಆದರೆ ಎರಡೂವರೆ ಸಿಎಫ್‌ಟಿ ಎಂಬ ಲೆಕ್ಕ ಎಲ್ಲ ಕಡೆಯೂ ಒಂದೇ. ನಿಮ್ಮೂರಿನ ಸಾಮಿಲ್ಲಿನಲ್ಲಿ ರೇಟು ಕೇಳಿ ಗುಣಿಸಿ ನೋಡಿ. ಆಮೇಲೆ "ಮರ ದುಬಾರಿ" ಎಂದು ಹೇಳಿ.

ಯಾವ ಮರ?

ಮರ ಅಂದಕೂಡಲೇ ನಮ್ಮವರಿಗೆ ತೇಗ ನೆನಪಾಗುತ್ತದೆ. ತೇಗದ ರೇಟು ನೆನಪಾದಕೂಡಲೇ ಪಾರ್ಟಿಕಲ್ ಬೋರ್ಡು ನೆನಪಾಗುತ್ತದೆ. ಈ ಎರಡರ ನಡುವೆ ಒಂದು ಇಡೀ ಕಾಡೇ ಇದೆ ಎಂಬುದನ್ನು ಮರೆತಿದ್ದೇವೆ.

ಮಲೆನಾಡಿನ ಕಡೆ ಹಲಸಿದೆ. ಬಾಗಿಲು, ಕಿಟಕಿ ಮಾಡಿ ತಲೆಮಾರು ಬಾಳಿಸಿದ ಮರ, ವೀಣೆಯನ್ನೂ ಅದರಲ್ಲೇ ಮಾಡುತ್ತಾರೆ. ಹೆಬ್ಬಲಸು ಸಿಕ್ಕರೆ ಕೇಳುವುದೇ ಬೇಡ, ದೋಣಿ ಕಟ್ಟಿದ ಮರಕ್ಕೆ ಅಕ್ವೇರಿಯಂ ನೀರಿನ ಹನಿ ಏನು ಮಾಡೀತು? ಮತ್ತಿ ಭಾರ, ಕೊರೆಯಲು ಕಷ್ಟ, ಆದರೆ ಹೊರುವ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅಕೇಶಿಯಾ ಬಗ್ಗೆ ಪರಿಸರದ ಜಗಳ ಏನೇ ಇರಲಿ, ಚೆನ್ನಾಗಿ ಒಣಗಿದ ಅಕೇಶಿಯಾ ಚೌಕಟ್ಟಿಗೆ ಸಾಕಷ್ಟು ಗಟ್ಟಿ. ಕಾಫಿ ತೋಟದ ಸಿಲ್ವರ್ ಓಕ್ ಹಗುರ, ಸುಲಭಕ್ಕೆ ಸಿಗುತ್ತದೆ. ಅದನ್ನು ಹಾಕುವುದಾದರೆ ಪಟ್ಟಿಯ ಎತ್ತರ ಒಂದಿಂಚು ಹೆಚ್ಚಿಸಿ, ಹುಳುವಿಗೆ ಮದ್ದು ಹೊಡೆಸಿ. ಬಯಲುಸೀಮೆಯವರಿಗೆ ಬೇವಿದೆ, ಕರಿಜಾಲಿಯಿದೆ. ಗಾಡಿಯ ಚಕ್ರ, ನೇಗಿಲು ಮಾಡಿದ ಜಾಲಿ ಮೀನಿನ ತೊಟ್ಟಿಗೆ ಸೋಲುವುದಿಲ್ಲ. ರಬ್ಬರ್ ಮರವನ್ನು ಮಾತ್ರ ಮದ್ದು ಕುಡಿಸದೆ ತರಬೇಡಿ, ಹುಳು ಬೂಷ್ಟು ಎರಡೂ ಬೇಗ ಹಿಡಿಯುತ್ತವೆ.

ಇವೆಲ್ಲಕ್ಕಿಂತ ಒಳ್ಳೆಯದು ಹಳೆ ಮರ. ಈಗ ಊರೂರಲ್ಲಿ ಹಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟುತ್ತಿದ್ದಾರೆ. ತೊಲೆ, ಜಂತೆ, ಬಾಗಿಲ ಚೌಕಟ್ಟು ಸೌದೆಯ ಬೆಲೆಗೆ ಹೋಗುತ್ತಿವೆ. ಐವತ್ತು ಅರವತ್ತು ವರ್ಷ ಒಣಗಿದ ಆ ಮರ ಇನ್ನು ಸೊಟ್ಟಗಾಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮೊಳೆಗಳನ್ನು ಹುಡುಕಿ ಕಿತ್ತು ಸಾಮಿಲ್ಲಿಗೆ ಕೊಂಡೊಯ್ಯಿರಿ, ಇಲ್ಲದಿದ್ದರೆ ಬ್ಲೇಡು ಹಾಳಾಗಿ ಮಿಲ್ಲಿನವರ ಬೈಗುಳ ತಿನ್ನಬೇಕಾಗುತ್ತದೆ.

ಜಾತಿಗಿಂತ ಮುಖ್ಯವಾದದ್ದು ಒಣಗಿರುವುದು. ಹಸಿ ತೇಗಕ್ಕಿಂತ ಒಣ ಬೇವು ಮೇಲು. ಹಸಿ ಮರದಲ್ಲಿ ಮಾಡಿದ ಚೌಕಟ್ಟು ಬೇಸಿಗೆಗೆ ತಿರುಚಿಕೊಂಡರೆ ಅದರ ಮೇಲಿನ ಗಾಜಿಗೆ ಏನಾಗುತ್ತದೆ ಎಂದು ಆಗಲೇ ಹೇಳಿದ್ದೇನೆ.

"ಮರ ಕೊಳೆಯುತ್ತೆ, ಕಬ್ಬಿಣ ಹಾಕ್ಸಿ" ಎನ್ನುವವರಿಗೆ

ಈ ಮಾತು ಎಲ್ಲ ಕಡೆ ಬರುತ್ತದೆ. ಕಬ್ಬಿಣ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಚೆನ್ನಾಗಿ ಬೆಸೆದ, ಚೆನ್ನಾಗಿ ಪೇಂಟು ಹೊಡೆದ ಆಂಗಲ್ ಸ್ಟ್ಯಾಂಡು ಮುನ್ನೂರಲ್ಲ, ಅದಕ್ಕಿಂತ ಹೆಚ್ಚನ್ನೂ ಹೊರುತ್ತದೆ. ಆದರೆ ವೆಲ್ಡಿಂಗ್ ಬಿಸಿಗೆ ಚೌಕಟ್ಟು ಎಳೆದುಕೊಳ್ಳುತ್ತದೆ. ಗೇಟು, ಗ್ರಿಲ್ಲು ಮಾಡುವ ಕೈಗೆ ಎರಡು ಮಿಲಿಮೀಟರ್ ಸೊಟ್ಟ ಲೆಕ್ಕಕ್ಕಿಲ್ಲ. ಗೇಟಿಗೆ ಅದು ನಡೆಯುತ್ತದೆ, ಗಾಜಿಗೆ ನಡೆಯುವುದಿಲ್ಲ. ಸೊಟ್ಟಗಿರುವ ಕಬ್ಬಿಣವನ್ನು ನಿಮ್ಮ ಮನೆಯಲ್ಲಿ ಯಾರೂ ಸರಿ ಮಾಡಲಾರರು. ಮರವಾದರೆ ಬಡಗಿ ಹತ್ತರಿ ತಂದು ಅಲ್ಲೇ ನಾಲ್ಕು ಸಲ ಕೀಸಿ ಮಟ್ಟ ಮಾಡುತ್ತಾನೆ. ತುಕ್ಕು ಕೂಡ ಶುರುವಾಗುವುದು ಬೆಸುಗೆಯ ಜಾಗದಲ್ಲಿ, ಯಾವ ಜಾಗ ಹೊರಬೇಕೋ ಅದೇ ಜಾಗದಲ್ಲಿ.

ಮರ ಕೊಳೆಯುವುದು ನೀರು ತಾಗಿದ್ದಕ್ಕಲ್ಲ, ನೀರು ನಿಂತದ್ದಕ್ಕೆ. ಒದ್ದೆಯಾಗಿ ಒಣಗುವ ಮರ ಬಾಳುತ್ತದೆ, ಒಣಗಲು ಗಾಳಿಯಿಲ್ಲದ ಮರ ಕೊಳೆಯುತ್ತದೆ. ಆದ್ದರಿಂದ ಜೋಡಿಸುವ ಮೊದಲೇ ಎಲ್ಲ ತುಂಡುಗಳ ಎಲ್ಲ ಮುಖಕ್ಕೂ, ಮುಖ್ಯವಾಗಿ ಕೊಯ್ದ ತುದಿಗಳಿಗೆ, ವಾರ್ನಿಷ್ ಅಥವಾ ಎನಾಮಲ್ ಎರಡು ಕೋಟು ಹೊಡೆಸಿ. ಅಂಟು ಹಚ್ಚುವ ಜಾಗ ಮಾತ್ರ ಬಿಡಿ. ಕಾಲಿನ ಕೆಳಗೆ ರಬ್ಬರ್ ತುಂಡೋ ಗ್ರಾನೈಟ್ ತುಂಡೋ ಇಡಿ. ನೆಲ ಒರೆಸಿದ ನೀರು ಮೇಲೇರುವುದಿಲ್ಲ, ಗೆದ್ದಲು ಬಂದರೂ ಕಣ್ಣಿಗೆ ಕಾಣುತ್ತದೆ.

ಇಟ್ಟಿಗೆ ಕಟ್ಟಿ ಮೇಲೆ ಕಡಪ ಕಲ್ಲು ಹಾಸುವವರೂ ಇದ್ದಾರೆ. ಬಾಡಿಗೆ ಮನೆಯಲ್ಲಿ ಅದು ಆಗದ ಮಾತು. ಸ್ವಂತ ಮನೆಯಾದರೂ ಕಲ್ಲಿಗೆ ನಡುವೆ ಆಸರೆ ಕೊಡದಿದ್ದರೆ ಬೇಡ. ಕಲ್ಲು ಮೇಲಿನಿಂದ ಒತ್ತಿದರೆ ತಡೆಯುತ್ತದೆ, ಬಗ್ಗಿಸಿದರೆ ಹೇಳದೆ ಕೇಳದೆ ಮುರಿಯುತ್ತದೆ. ಮರವಾದರೆ ಮುರಿಯುವ ಮೊದಲು ಜೋಲುತ್ತದೆ, ಕಿರುಗುಟ್ಟುತ್ತದೆ, ಎಚ್ಚರಿಸುತ್ತದೆ.

ನೀರು ತುಂಬುವ ಮುನ್ನ

ಸ್ಟ್ಯಾಂಡು ಮನೆಗೆ ಬಂದ ದಿನವೇ ತೊಟ್ಟಿ ಇಡಬೇಡಿ. ಇಡುವ ಜಾಗದಲ್ಲಿ ನಿಲ್ಲಿಸಿ, ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ನೋಡಿ. ನೆಲ ಸೊಟ್ಟಗಿದ್ದರೆ ಕಾಲಿನ ಕೆಳಗೆ ತೆಳು ತುಂಡು ಕೊಟ್ಟು ಸರಿ ಮಾಡಿ, ತೊಟ್ಟಿಯ ಕೆಳಗೆ ಕಾರ್ಡ್‌ಬೋರ್ಡು ತುರುಕಬೇಡಿ. ಆಮೇಲೆ ಮೇಸ್ತ್ರಿ ಯಾರನ್ನಾದರೂ ಕೇಳಿ ಆರು ಮೂಟೆ ಸಿಮೆಂಟು ತರಿಸಿ, ಸಮನಾಗಿ ಪೇರಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಮತ್ತೆ ರಸಮಟ್ಟ. ಗುಳ್ಳೆ ಅಲ್ಲೇ ಇದ್ದರೆ ಪಾಸು. ತಮಾಷೆಯಲ್ಲ, ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಮೂಟೆ ಬಿದ್ದರೆ ಮೂಟೆ ಹೋಗುತ್ತದೆ, ತೊಟ್ಟಿ ಬಿದ್ದರೆ ಹೋಗುವುದು ಬೇರೆ.

ತಳ ಪೂರ್ತಿ ಗಾಜಿನದೇ ಆಗಿ ಹಲಗೆಯ ಮೇಲೆ ಚಪ್ಪಟೆಯಾಗಿ ಕೂರುವ ತೊಟ್ಟಿಯಾದರೆ ಕೆಳಗೆ ಒಂದು ಥರ್ಮಾಕೋಲ್ ಹಾಳೆ ಹಾಸಿ. ಹಲಗೆಯ ಮೇಲಿನ ಸಣ್ಣ ಮರಳ ಕಣವನ್ನೂ ಅದು ನುಂಗಿಕೊಳ್ಳುತ್ತದೆ. ಸುತ್ತ ಪ್ಲಾಸ್ಟಿಕ್ ಚೌಕಟ್ಟಿದ್ದು ತಳದ ಗಾಜು ಮೇಲೆ ನಿಂತಿರುವ ತೊಟ್ಟಿಗೆ ಅದು ಬೇಡ. ಮೊದಲು ಅರ್ಧ ತುಂಬಿ, ನೋಡಿ, ಆಮೇಲೆ ಪೂರ್ತಿ ತುಂಬಿ. ಒಂದು ದಿನ ಖಾಲಿ ನೀರು ನಿಲ್ಲಲಿ. ಮೀನಿಗೆ ಅವಸರವಿಲ್ಲ.

ಸ್ವಿಚ್ ಬೋರ್ಡನ್ನು ಸ್ಟ್ಯಾಂಡಿನ ಒಳಗೆ ನೆಲದ ಮೇಲೆ ಬಿಸಾಡಬೇಡಿ, ಪಕ್ಕದ ಗೋಡೆಗೆ ಎತ್ತರದಲ್ಲಿ ಹಾಕಿಸಿ. ಪಂಪಿನ ವೈರು ಒಮ್ಮೆ ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರಬೇಕು. ವೈರಿನ ಗುಂಟ ಇಳಿದ ಹನಿ ಜೋಲಿನಿಂದ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಮನೆಯಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದಿದ್ದರೆ ಮೀನಿಗಿಂತ ಮೊದಲು ಅದನ್ನು ತನ್ನಿ.

ಮಹಡಿಯ ಮನೆಯವರಿಗೆ ಒಂದು ಮಾತು. ವಾಸದ ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆಯ ಭಾರಕ್ಕೆ. ನಾಲ್ಕು ಅಡಿ ತೊಟ್ಟಿ ಆರು ಚದರ ಅಡಿ ಜಾಗದಲ್ಲಿ ಮುನ್ನೂರು ಕೆಜಿ ಕೂರಿಸುತ್ತದೆ. ಆದ್ದರಿಂದ ಕೋಣೆಯ ನಡುವೆ ಬೇಡ, ಭಾರ ಹೊರುವ ಗೋಡೆಗೆ ಒತ್ತಿ, ಬೀಮಿನ ಹತ್ತಿರ ಇಡಿ. ಅದಕ್ಕಿಂತ ದೊಡ್ಡದಾದರೆ ಇಂಜಿನಿಯರನ್ನು ಕೇಳಿ, ವಾಸ್ತುವಿನವರನ್ನಲ್ಲ. ಮಲೆನಾಡಿನ ಮರದ ಅಟ್ಟದ ಮೇಲಂತೂ ಇಡಲೇಬೇಡಿ.

ಬಡಗಿಗೆ ಬಹುಮಾನ ಬೇಡ, ಕೆಲಸ ಕೊಡಿ

ಇಲ್ಲಿಯವರೆಗೆ ಹೇಳಿದ್ದರಲ್ಲಿ ಅಪರೂಪದ ವಿದ್ಯೆ ಯಾವುದೂ ಇಲ್ಲ. ಕಚ್ಚು ತೆಗೆಯುವುದು, ಮೂಲೆಮಟ್ಟ ಹಿಡಿಯುವುದು, ಒಣಗಿದ ಮರವನ್ನು ಬಡಿದು ಸದ್ದಿನಲ್ಲೇ ಗುರುತಿಸುವುದು ನಮ್ಮೂರಿನ ಆಚಾರ್ರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಆ ಆಚಾರ್ರು ಈಗ ಏನು ಮಾಡುತ್ತಿದ್ದಾರೆ? ಮೈಕಾ ಅಂಟಿಸುತ್ತಿದ್ದಾರೆ. ಬೇರೆಲ್ಲೋ ಕತ್ತರಿಸಿ, ತೂತು ಹೊಡೆದು, ಪ್ಯಾಕ್ ಮಾಡಿ ಬಂದ ಹಲಗೆಗಳಿಗೆ ಸ್ಕ್ರೂ ತಿರುಗಿಸುತ್ತಿದ್ದಾರೆ. ನಮ್ಮ ಕಡೆಯ ಒಬ್ಬ ಹಿರಿಯ ಆಚಾರ್ರು ಹೇಳಿದ ಮಾತಿದು: "ಉಳಿ ಹಿಡ್ದು ಎಷ್ಟು ದಿನ ಆಯ್ತೋ ಲೆಕ್ಕ ಇಲ್ಲ ಕಣಪ್ಪಾ. ಈಗ ಎಲ್ಲ ಡ್ರಿಲ್ಲೇ. ಮಗ ಅಂತೂ ಉಳಿ ಮುಟ್ಟೇ ಇಲ್ಲ."

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯದೂ ಒಂದು. ತರಬೇತಿಯಿದೆ, ಉಪಕರಣಕ್ಕೆ 15,000 ರೂಪಾಯಿ ನೆರವಿದೆ, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದ ಸಾಲವಿದೆ. ಒಳ್ಳೆಯದೇ. ಆದರೆ ಉಪಕರಣ ಕೊಟ್ಟವರು ಕೆಲಸ ಕೊಡುವುದಿಲ್ಲ. ಕೆಲಸ ಕೊಡಬೇಕಾದವರು ನಾವು. ಹೊಸ ಉಳಿಯನ್ನಿಟ್ಟುಕೊಂಡು ಆಚಾರ್ರು ಮೈಕಾ ಅಂಟಿಸಿದರೆ ಯೋಜನೆಯ ದುಡ್ಡು ಎಲ್ಲಿಗೆ ಹೋಯಿತು?

ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದ್ದಕ್ಕೆ ನಾವು ಹೆಮ್ಮೆ ಪಡುತ್ತೇವೆ, ಪಡಬೇಕು. ಆದರೆ ಮರಗೆಲಸವೆಂದರೆ ಶೋಕೇಸಿನಲ್ಲಿಡುವ ಗೊಂಬೆ, ಮೇಳದಲ್ಲಿ ಮಂತ್ರಿಗಳಿಗೆ ಕೊಡುವ ಗಂಧದ ಕೆತ್ತನೆ ಎಂದಷ್ಟೇ ಆಗಿಬಿಟ್ಟರೆ ಕಸುಬು ಉಳಿಯುವುದಿಲ್ಲ, ಅದರ ಫೋಟೋ ಉಳಿಯುತ್ತದೆ. ಕಸುಬು ಉಳಿಯುವುದು ಮಂಚ, ಮೆಟ್ಟಿಲು, ಹಸುವಿನ ಗೊಂತು, ಅಕ್ವೇರಿಯಂ ಸ್ಟ್ಯಾಂಡಿನಂಥ ಹೆಸರಿಲ್ಲದ ಕೆಲಸಗಳಲ್ಲಿ. ಕೈಗೆ ಲೆಕ್ಕ ಕಲಿಸುವುದು ಇಂಥ ಕೆಲಸಗಳೇ.

ಬಡಗಿಗಳೂ ಒಂದು ಮಾತು ಕೇಳಬೇಕು. ಗಿರಾಕಿ ಸ್ಟ್ಯಾಂಡ್ ಬೇಕೆಂದು ಬಂದಾಗ "ಪ್ಲೈ ಹಾಕಿ ಮೈಕಾ ಹೊಡೆದ್ರೆ ಸಾಕು ಸಾರ್" ಎಂದು ಸುಲಭದ ದಾರಿ ತೋರಿಸಬೇಡಿ. ತೊಟ್ಟಿಯ ಅಳತೆ ಕೇಳಿ, ನೀರಿನ ತೂಕ ಕೇಳಿ, ಎಲ್ಲಿ ಇಡುತ್ತೀರಿ ಕೇಳಿ. ಕೇಳಿದ್ದಕ್ಕೆ ಕೂಲಿ ಹೆಚ್ಚು ಕೇಳಿದರೂ ತಪ್ಪಿಲ್ಲ. ಅಂಗಡಿಯವರು ಕೇಳದಿದ್ದದ್ದನ್ನು ನೀವು ಕೇಳಿದಿರಿ ಎಂಬುದೇ ನಿಮ್ಮ ಜಾಹೀರಾತು.

ಅಂಗಡಿಯವರಿಗೆ ಹೇಳುವುದು ಇನ್ನೂ ಸರಳ. ತೊಟ್ಟಿ ಮಾರಿ, ಮೀನು ಮಾರಿ, ಸ್ಟ್ಯಾಂಡೂ ಮಾರಿ. ಆದರೆ ಸ್ಟ್ಯಾಂಡಿನ ಮೇಲೆ ಎರಡು ವಿಷಯ ಬರೆದು ಅಂಟಿಸಿ: ಇದು ಯಾವ ಹಲಗೆ, ಎಷ್ಟು ಕೆಜಿ ಹೊರುತ್ತದೆ. ಅಕ್ಕಿ ಮೂಟೆಯ ಮೇಲೆ ತೂಕ ಬರೆಯುವ ಊರಿನಲ್ಲಿ ಮುನ್ನೂರು ಕೆಜಿ ಹೊರಬೇಕಾದ ಪೆಟ್ಟಿಗೆಯ ಮೇಲೆ ಒಂದು ಅಂಕಿ ಬರೆಯಲು ಏನು ಕಷ್ಟ? ಬರೆಯಲಾಗದಿದ್ದರೆ ಆ ಸ್ಟ್ಯಾಂಡಿಗೆ ಎಷ್ಟು ತಡೆಯುವ ಶಕ್ತಿಯಿದೆ ಎಂದು ನಿಮಗೂ ಗೊತ್ತಿಲ್ಲ ಎಂದೇ ಅರ್ಥ.

ಪತ್ರಿಕೆಗಳ ಪುರವಣಿ ನೋಡಿಕೊಳ್ಳುವವರಿಗೂ ಇದೇ ಮಾತು. ಮೀನಿನ ಬಣ್ಣ, ದಿಕ್ಕು, ಅದೃಷ್ಟದ ಬಗ್ಗೆ ಬರೆಯುವ ಅರ್ಧ ಪುಟದಲ್ಲಿ ಒಂದು ಪೆಟ್ಟಿಗೆಯಷ್ಟು ಜಾಗ ತೂಕದ ಲೆಕ್ಕಕ್ಕೆ ಕೊಡಿ. ಓದುಗರು ಗುಣಾಕಾರಕ್ಕೆ ಹೆದರುವವರಲ್ಲ. ಸಂತೆಯಲ್ಲಿ ಅವರು ದಿನಾ ಮಾಡುವುದು ಅದನ್ನೇ.

ಓದುಗರು ಅಂಗಡಿಗೆ ಹೋದಾಗ ಮೂರೇ ಪ್ರಶ್ನೆ ಕೇಳಿ. ಇದು ಯಾವ ಹಲಗೆ? ಭಾರ ಮರದ ಮೇಲೆ ಕೂತಿದೆಯೋ ಸ್ಕ್ರೂವಿನ ಮೇಲೋ? ಹಿಂದಿನ ಹಲಗೆ ಎಲ್ಲಿ? ಮೂರಕ್ಕೂ ನೆಟ್ಟಗೆ ಉತ್ತರ ಸಿಕ್ಕಿದರೆ ಧಾರಾಳವಾಗಿ ಕೊಳ್ಳಿ. ಸಿಗದಿದ್ದರೆ ತೊಟ್ಟಿ ಮಾತ್ರ ತನ್ನಿ, ಸ್ಟ್ಯಾಂಡಿನ ಅಳತೆ ಬರೆದುಕೊಂಡು ಆಚಾರ್ರ ಮನೆಯ ಕಡೆ ನಡೆಯಿರಿ. ಈಶಾನ್ಯವೋ ಆಗ್ನೇಯವೋ ಆಮೇಲೆ ನೋಡಿಕೊಳ್ಳೋಣ.